ಚೀಲಕ್ಕೊಂದು ಸೀಟು, ನನಗೊಂದು ಸೀಟು

ಹುಮನಾಬಾದ ಬಸ್ ಸ್ಟ್ಯಾಂಡಿಗೆ ಬಸವಕಲ್ಯಾಣದ ಬಸ್ಸು ಬಂದು ನಿಲ್ಲುವುದಕ್ಕೂ, ನಾನು ಕಿಟಕಿಯೊಳಗೆ ಚೀಲ ಒಗೆದು ಸೀಟು ಹಿಡಿಯುವುದಕ್ಕೂ ಸರಿಹೋಯಿತು.

ಚೀಲದಲ್ಲಿ ಹದಿನಾಲ್ಕು ಪುಟದ ಭಾಷಣ. ವಿಷಯ, ಮನುಷ್ಯ ಮತ್ತು ವಿವೇಕ.

ನಾನು ಕೋಚಿಂಗ್ ಕ್ಲಾಸಿನಲ್ಲಿ ರೀಸನಿಂಗ್ ಕಲಿಸುವವನು. ಕಲ್ಯಾಣದ ಒಂದು ಕಾಲೇಜಿನವರು ಮೊದಲ ಸಲ ನನ್ನನ್ನು ಮುಖ್ಯ ಅತಿಥಿ ಅಂತ ಕರೆದಿದ್ದರು. ಹಾಳೆ ನೋಡದಿದ್ದರೆ ಸ್ಟೇಜಿನ ಮೇಲೆ ನನಗೆ ನನ್ನ ಹೆಸರೂ ನೆನಪಾಗುವುದಿಲ್ಲ.

ಬಾಗಿಲಲ್ಲಿ ಭಯಂಕರ ನೂಕಾಟ. ಆಗ ನನ್ನೊಳಗಿನ ರೀಸನಿಂಗ್ ಸರ್ ಎದ್ದರು... ಈ ಬಸ್ಸು ತುಂಬಿದೆ, ಹಿಂದೆ ಇನ್ನೊಂದು ಕಲ್ಯಾಣದ ಬಸ್ಸು ಖಾಲಿ ನಿಂತಿದೆ, ಆದ್ದರಿಂದ ಬುದ್ಧಿವಂತ ಹಿಂದಿನದಕ್ಕೆ ಹತ್ತುತ್ತಾನೆ.

ಹತ್ತಿದೆ. ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಮುಂದಿನ ಬಸ್ಸು ಜನರನ್ನು ತುರುಕಿಕೊಂಡು ಹೊರಟಾಗ, ಅಯ್ಯೋ ಪಾಪ ಅಂತ ನಕ್ಕೆ.

ಊರು ದಾಟಿತು. ಭಾಷಣದ ಮೇಲೆ ಒಮ್ಮೆ ಕಣ್ಣಾಡಿಸೋಣ ಅಂತ ಚೀಲಕ್ಕೆ ಕೈ ಹಾಕುತ್ತೇನೆ, ಚೀಲ ಎಲ್ಲಿದೆ?

ಅದು ಮುಂದಿನ ಬಸ್ಸಿನಲ್ಲಿ ನನಗಾಗಿ ಸೀಟು ಹಿಡಿದುಕೊಂಡು ಹೋಗುತ್ತಿದೆ!

ಪುಸ್ತಕದ ಬದನೆಕಾಯಿ ಅಂದರೆ ನಾನೇ ಅನ್ನಿಸಿತು.

ಕಲ್ಯಾಣದಲ್ಲಿ ಇಳಿದವನೇ ಆ ಬಸ್ಸು ಹುಡುಕುತ್ತ ಓಡಿದೆ. ನೋಡಿದರೆ ಕಟ್ಟೆಯ ಮೇಲೆ ಒಬ್ಬ ಅಜ್ಜಿ, ಅವರ ತೊಡೆಯ ಮೇಲೆ ನನ್ನ ಚೀಲ.

"ಸೀಟ ಹಿಡದವರು ನೀವೇನ್ರಿ? ಬಾಗಲದಾಗ ಸಿಕ್ಕೊಂಡಿರಬೇಕು, ಬರ್ತಾರ ಅಂತ ಯಾರಿಗೂ ಕೂಡಗೊಡಲಿಲ್ಲರಿ. ಬರಲೇ ಇಲ್ಲ ನೀವು. ಹಿಂದಿನ ಬಸ್ಸಿಗಿ ಬಂದೇ ಬರ್ತಾರಂತ ಕಾಯಾಕತ್ತೇನಿ."

"ನೀವು ಎಲ್ಲಿ ಕುಂತಿದ್ರಿ ಅವ್ವಾ?"

"ನಿಂತೇ ಬಂದೆರಿ. ನೀವು ಹಿಡದ ಸೀಟಿನ್ಯಾಗ ನಾ ಹ್ಯಾಂಗ ಕೂಡಲಿ?"

ನಾಚಿಕೆಯಿಂದ ಕುಗ್ಗಿಹೋದೆ. ಆದರೆ ಮರುಕ್ಷಣವೇ ನಗು ಉಕ್ಕಿತು, ಅಜ್ಜಿಯೂ ಬಾಯಿಗೆ ಸೆರಗು ಹಿಡಿದು ನಗತೊಡಗಿದರು. ಚೀಲದಲ್ಲಿ ಏನಿದೆ ಅಂತ ಕೇಳಿದರು. ವಿವೇಕದ ಬಗ್ಗೆ ಬರೆದದ್ದು ಅಂದೆ.

"ಹೌದೇನ್ರಿ? ಅದಕ್ಕೇ ಇಷ್ಟು ಹಗುರ ಅದ."

ಕಾಲೇಜಿನಲ್ಲಿ ಚೀಲ ತೆರೆಯಲೇ ಇಲ್ಲ. ಹಾಳೆ ಇಲ್ಲದೆ, ನಡೆದದ್ದನ್ನೇ ಹೇಳಿದೆ. ವಿದ್ಯಾರ್ಥಿಗಳು ಬಿದ್ದು ಬಿದ್ದು ನಕ್ಕರು, ಕೊನೆಗೆ ಪ್ರಿನ್ಸಿಪಾಲರು ಎದ್ದು ಬಂದು ನನಗೆ ಶಾಲು ಹೊದಿಸಿದರು. ಆ ಶಾಲು ಹೆಗಲ ಮೇಲೆ ಸರಿಯಾಗಿ ಕೂರಲೇ ಇಲ್ಲ.

ಎರಡು ಬಸ್ಸಿನಲ್ಲಿ ಎರಡು ಸೀಟು ಹಿಡಿದವನು ನಾನು, ನಿಂತು ಬಂದವರು ಆ ಅವ್ವ... ಶಾಲು ಯಾರಿಗೆ ಸಲ್ಲಬೇಕಿತ್ತು, ನೀವೇ ಹೇಳಿ?