ಮೇಗುಂದ ಎಂಬ ಫೋಲ್ಡರ್

ಮೊದಲೇ ಹೇಳಿಬಿಡುತ್ತೇನೆ, ದೆವ್ವ ಭೂತಗಳ ಮಾತು ಬಂದರೆ ನಾನು ಎದ್ದು ಹೋಗುವವಳು. ಈಗಲೂ ಹಾಗೆಯೇ. ಕೊಪ್ಪದ ಬಸ್ ನಿಲ್ದಾಣದ ಹತ್ತಿರ ನಮ್ಮದೊಂದು ಫೋಟೊ ಸ್ಟುಡಿಯೊ ಇದೆ. ನಮ್ಮ ತಂದೆ, ಅಂದರೆ ಅಬ್ಬಾ, ಶುರು ಮಾಡಿದ್ದು, ಅವರು ತೀರಿಕೊಂಡ ಮೇಲೆ ನಾನು ನಡೆಸುತ್ತಿರುವುದು. ಎಲ್ಲರ ಕೈಗೂ ಫೋನು ಬಂದ ಮೇಲೆ ಬದುಕಿರುವವರು ನಮ್ಮ ಹತ್ತಿರ ಬರುವುದು ಕಡಿಮೆಯಾಗಿದೆ. ಬರುವುದೇನಿದ್ದರೂ ಹೆಚ್ಚಾಗಿ ಸತ್ತವರ ಕೆಲಸ. ಮದುವೆಯ ಗುಂಪು ಫೋಟೊದಿಂದ ಅಜ್ಜನೊಬ್ಬನನ್ನು ಬೇರೆ ಮಾಡಬೇಕು, ಪಕ್ಕದವನ ಹೆಗಲು ಅಳಿಸಬೇಕು, ಬನಿಯನ್ನಿನ ಮೇಲೆ ಕೋಟು ತೊಡಿಸಬೇಕು. ವೈಕುಂಠ ಸಮಾರಾಧನೆಯ ಹೊತ್ತಿಗೆ ಹಾರ ಹಾಕಲು ಫ್ರೇಮು ಸಿದ್ಧವಾಗಿರಬೇಕು. ಸತ್ತವರಿಗೆ ತಿರುಗಿ ಬರುವ ಶಕ್ತಿ ಇದ್ದಿದ್ದರೆ, ನನ್ನ ಮೂಗನ್ನು ಯಾಕೆ ಸಣ್ಣ ಮಾಡಿದೆ ಎಂದು ಜಗಳ ತೆಗೆಯಲು ಮೊದಲು ನನ್ನ ಅಂಗಡಿಗೇ ಬರಬೇಕಿತ್ತು. ಇಷ್ಟು ವರ್ಷದಲ್ಲಿ ಒಬ್ಬರೂ ಬಂದಿಲ್ಲ.

ಆದ್ದರಿಂದ ಇದನ್ನು ದೆವ್ವದ ಕಥೆ ಎಂದು ಓದಬೇಡಿ, ಕಂಪ್ಯೂಟರಿನ ಕಥೆ ಎಂದು ಓದಿ. ಓದಿದ ಮೇಲೆ "ನೀವೇ ಏನೋ ಮಾಡಿ ಮರೆತಿರಬೇಕು" ಎಂದು ಮಾತ್ರ ಹೇಳಬೇಡಿ. ಆ ಮಾತನ್ನು ಬೇಕಾದಷ್ಟು ಜನ ಹೇಳಿಯಾಗಿದೆ. ಅದರಲ್ಲಿ ಹೆಚ್ಚಿನವರು ಗಂಡಸರು. ಒಬ್ಬರಿಗೂ ನಾನು ಹೌದು ಎಂದಿಲ್ಲ.

ಸ್ಟುಡಿಯೊದಲ್ಲಿ ಆಗ ಎರಡು ಕಂಪ್ಯೂಟರುಗಳಿದ್ದವು. ಮುಂದಿನ ಮೇಜಿನ ಮೇಲೆ ನಾನು ಕೊಂಡ ಹೊಸದು. ಹಿಂದೆ, ಮೊದಲು ಫಿಲ್ಮ್ ತೊಳೆಯುತ್ತಿದ್ದ ಕತ್ತಲೆ ಕೋಣೆಯಲ್ಲಿ, ಅಬ್ಬಾ ಬಳಸುತ್ತಿದ್ದ ಹಳೆಯದು. ಎರಡರ ನಡುವೆ ಒಂದು ವೈರು. ಅಬ್ಬಾ ಡಿಜಿಟಲ್ ಕ್ಯಾಮೆರಾ ಹಿಡಿದಂದಿನಿಂದ ತೆಗೆದ ಚಿತ್ರಗಳೆಲ್ಲ ಹಳೆಯದರೊಳಗೆ ಇದ್ದವು. ಬೇಕಾದಾಗ ನಾನು ಮುಂದೆ ಕೂತುಕೊಂಡೇ ನೆಟ್‌ವರ್ಕಿನಲ್ಲಿ ಅದನ್ನು ತೆರೆದು ಎಳೆದುಕೊಳ್ಳುತ್ತಿದ್ದೆ, ಕೆಲಸ ಮುಗಿದ ಮೇಲೆ ಮುಂದಿನದರಿಂದ ಅಳಿಸುತ್ತಿದ್ದೆ. ಬೇರೆ ಕಡೆ ಒಂದು ಪ್ರತಿ ಇಡಬಾರದಿತ್ತೇ ಎನ್ನುತ್ತೀರಿ. ಅಬ್ಬಾ ಸಿಡಿಗಳಲ್ಲಿ ಇಟ್ಟಿದ್ದರು. ನಮ್ಮ ಕಡೆಯ ನಾಲ್ಕು ಮಳೆಗಾಲ ಕಳೆದರೆ ಸಿಡಿಗಳಿಗೂ ಬೂಷ್ಟು ಹಿಡಿಯುತ್ತದೆ.

ಅಬ್ಬಾರಿಗೆ ಅವರದೇ ಪದ್ಧತಿಗಳು. ಫೋಟೊಗಳನ್ನು ಊರಿನ ಹೆಸರಿನಲ್ಲಿ ಇಡುತ್ತಿದ್ದರು, ಜನರ ಹೆಸರಿನಲ್ಲಲ್ಲ. ಬಾಳೆಹೊನ್ನೂರು, ಮೇಗುಂದ, ಜಯಪುರ, ಶೃಂಗೇರಿ, ಹೀಗೆ. ಒಂದೇ ಹೆಸರು ಹತ್ತು ಜನಕ್ಕಿರುತ್ತದೆ, ಮುಖ ನೋಡಿದರೆ ಗೊತ್ತಾಗುವುದಿಲ್ಲವೇ ಎನ್ನುತ್ತಿದ್ದರು. ಇನ್ನೊಂದು ಪದ್ಧತಿ, ಗಿರಾಕಿ ಕುರ್ಚಿಯಲ್ಲಿ ಕೂತು ಮುಖ ಬಿಗಿ ಮಾಡಿಕೊಳ್ಳುವ ಮೊದಲೇ ಸದ್ದಿಲ್ಲದೆ ಒಂದು ಸಲ ಕ್ಲಿಕ್ ಮಾಡುವುದು. ಆಮೇಲೆ "ರೆಡಿ" ಎಂದು ಹೇಳಿ ನಿಜವಾದ ಫೋಟೊ. ಆ ಮೊದಲನೆಯದನ್ನು ಯಾರಿಗೂ ತೋರಿಸುತ್ತಿರಲಿಲ್ಲ, ಅಳಿಸುತ್ತಲೂ ಇರಲಿಲ್ಲ. ಮನೆಯ ಗೋಡೆಗೆ ಫೋಟೊ ಹಾಕುವ ರೂಢಿ ನಮ್ಮಲ್ಲಿಲ್ಲ. ಹಾಗಾಗಿ ನನ್ನ ಅಮ್ಮಿಯದು, ನನ್ನ ಮದುವೆಯದು, ಅಬ್ಬಾರದೇ ನಾಲ್ಕೈದು, ಎಲ್ಲವೂ ಆ ಯಂತ್ರದಲ್ಲಿ ಕೊಪ್ಪ ಎನ್ನುವ ಫೋಲ್ಡರಿನೊಳಗೆ ಇದ್ದವು.

ಅದು ಬೇಸಿಗೆ ಕಾಲಿಡುತ್ತಿದ್ದ ಸಮಯ. ಒಂದು ಬೆಳಿಗ್ಗೆ ಬಾಗಿಲು ತೆರೆದು ನೋಡಿದರೆ ಮುಂದಿನ ಕಂಪ್ಯೂಟರು ತನ್ನಷ್ಟಕ್ಕೇ ಅಪ್‌ಡೇಟ್ ಆಗಿ ಕೂತಿತ್ತು. ಕೇಳಿದವರಿಲ್ಲ, ಹೇಳಿದವರಿಲ್ಲ. ಪರದೆಯ ಮೂಲೆಗಳು ದುಂಡಗಾಗಿದ್ದವು, ನನ್ನ ಪ್ರಿಂಟರಿನ ಗುರುತೇ ಅದಕ್ಕೆ ಸಿಗುತ್ತಿರಲಿಲ್ಲ, ಹಿಂದಿನ ಕೋಣೆಯ ಕಂಪ್ಯೂಟರು ನೆಟ್‌ವರ್ಕಿನಿಂದ ಮಾಯವಾಗಿತ್ತು. ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪ್ರಸನ್ನನಿಗೆ ಫೋನ್ ಮಾಡಿದೆ.

"ಅದು ಗೊತ್ತಿರೋ ಸಮಸ್ಯೆನೇ ಅಕ್ಕ" ಎಂದ. "ಕಂಪನಿಯವ್ರೇ ವೆಬ್‌ಸೈಟಲ್ಲಿ ಹಾಕ್ಕಂಡಿದಾರೆ. ಹಳೇ ಪ್ರಿಂಟರು, ಹಳೇ ಕಂಪ್ಯೂಟರು ಯಾವ್ದೂ ಈ ಅಪ್‌ಡೇಟಿಗೆ ಹೊಂದಲ್ಲ. ಮುಂದಿನದ್ರಲ್ಲಿ ಸರಿ ಮಾಡ್ತಾರಂತೆ."

"ಗೊತ್ತಿದ್ದೂ ಎಂತಕ್ಕೆ ಕಳ್ಸಿದ್ರು ಮಾರಾಯ?" ಎಂದು ಕೇಳಿದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಹಾಳಾಗಿ ಹೋಗಲಿ, ಪೆನ್‌ಡ್ರೈವಿಗೆ ಹಾಕಿಕೊಳ್ಳೋಣ ಎಂದು ಹಿಂದಿನ ಕೋಣೆಗೆ ಹೋಗಿ ಹಳೆಯ ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಗುಂಡಿ ಒತ್ತಿದೆ. ಟಪ್ ಎಂದಿತು, ಸುಟ್ಟ ವಾಸನೆ ಬಂತು, ಅಷ್ಟೇ. ಮತ್ತೆ ಪ್ರಸನ್ನ. ಒಳಗೆ ಕರೆಂಟು ಹಂಚುವ ಕಬ್ಬಿಣದ ಡಬ್ಬಿ ಸುಟ್ಟಿರಬೇಕು, ಬಿಚ್ಚಿ ಬಸ್ಸಿಗೆ ಹಾಕಿ, ಅದನ್ನು ನೋಡಿ ಹೊಂದುವಂಥದ್ದನ್ನು ನಾಳೆ ಅದೇ ಬಸ್ಸಿಗೆ ಕಳಿಸುತ್ತೇನೆ ಎಂದ. ನಮ್ಮಲ್ಲಿ ಔಷಧಿಯಿಂದ ಹಿಡಿದು ಮಲ್ಲಿಗೆ ದಂಡೆಯವರೆಗೆ ಎಲ್ಲವೂ ಹಾಗೆಯೇ ಹೋಗಿ ಬರುತ್ತವೆ. ನಾನೇ ಸ್ಕ್ರೂ ಬಿಚ್ಚಿದೆ, ನಾನೇ ವೈರುಗಳನ್ನು ಎಳೆದೆ. ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ ತೀರ್ಥಹಳ್ಳಿ ಮೇಲೆ ಶಿವಮೊಗ್ಗಕ್ಕೆ ಹೋಗುವ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ. ಬಸ್ಸು ಹೊರಟಿದ್ದನ್ನು ನಿಂತು ನೋಡಿದ್ದೇನೆ. ಇದನ್ನು ಇಷ್ಟು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ.

ಅವತ್ತು ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಮೇಗುಂದದ ನಾಗರತ್ನ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು, ಕಣ್ಣು ಊದಿಕೊಂಡಿದ್ದವು. ಮಾರನೆಯ ದಿನ ಅವಳ ತಾಯಿಯ ವೈಕುಂಠ ಸಮಾರಾಧನೆ. ಮನೆಯಲ್ಲಿ ತಾಯಿಯದು ಒಂದೂ ಫೋಟೊ ಇಲ್ಲ. ಆ ತಾಯಿಗೆ ಮುಂದಿನ ಹಲ್ಲುಗಳು ಸ್ವಲ್ಪ ಉಬ್ಬು, ಚಿಕ್ಕಂದಿನಲ್ಲಿ ಯಾರೋ ಆಡಿಕೊಂಡಿದ್ದರಂತೆ. ಅಂದಿನಿಂದ ಸಾಯುವವರೆಗೂ ಸೆರಗು ಬಾಯಿಂದ ಕೆಳಗೆ ಇಳಿದಿರಲಿಲ್ಲ. ಯಾರಾದರೂ ಫೋನು ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು. ಆಧಾರ್ ಕಾರ್ಡಿನ ಫೋಟೊ ಕಪ್ಪು ಮಸಿಯಂತಿತ್ತು. ಆದರೆ ಒಮ್ಮೆ ಬ್ಯಾಂಕಿನ ಕೆಲಸಕ್ಕೆಂದು ಮಗಳೇ ಒತ್ತಾಯ ಮಾಡಿ ಕರೆದುಕೊಂಡು ಬಂದು ನಮ್ಮಲ್ಲಿ ಫೋಟೊ ತೆಗೆಸಿದ್ದಳು, ಪ್ರತಿಗಳೆಲ್ಲ ಬ್ಯಾಂಕಿನ ಅರ್ಜಿಗಳಿಗೇ ಹೋಗಿದ್ದವು.

"ಈ ಕುರ್ಚಿ ಮೇಲೇ ಕೂತಿದ್ರು ಅಕ್ಕ. ನಿಮ್ಮ ಅಪ್ಪನೇ ತೆಗ್ದಿದ್ದು" ಎಂದಳು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಪ್‌ಡೇಟ್ ಬಂದಿದೆ, ನೆಟ್‌ವರ್ಕ್ ಹೋಗಿದೆ, ಹಳೆಯದು ಸುಟ್ಟಿದೆ. ಹೇಳುತ್ತಾ ಹೋದಂತೆ ನನಗೇ ಅದು ಸುಳ್ಳಿನ ಸರಮಾಲೆಯಂತೆ ಕೇಳಿಸಿತು. ಅವಳಿಗೂ ಹಾಗೇ ಕೇಳಿಸಿರಬೇಕು.

"ಆಗಲ್ಲ ಅಂತ ಒಂದೇ ಸಲ ಹೇಳಿ ಅಕ್ಕ. ನಾಳೆ ಬರೀ ಗೋಡೆಗೆ ಹಾರ ಹಾಕ್ತೀನಿ" ಎಂದಳು.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಆ ದುಂಡು ಮೂಲೆಗಳ ಪರದೆಯ ಮೇಲೆ. ನಾನು ಸುಳ್ಳು ಹೇಳುತ್ತಿಲ್ಲ ಎಂದು ತೋರಿಸಲೇಬೇಕು ಎಂಬ ಹಟದಿಂದ ಪರದೆಯನ್ನು ಅವಳ ಕಡೆ ತಿರುಗಿಸಿ, "ನೋಡಿ, ಬರಲ್ಲ ಅಂತ ಬರ್ತದೆ" ಎಂದು ನೆಟ್‌ವರ್ಕಿನ ಮೇಲೆ ಒತ್ತಿದೆ.

ಬಂತು. ಹಳೆಯ ಕಂಪ್ಯೂಟರು ತನ್ನ ಹೆಸರಿನೊಂದಿಗೆ ದಿನಾ ಕಾಣಿಸುವ ಜಾಗದಲ್ಲೇ ಕಾಣಿಸಿತು. ಒತ್ತಿದೆ, ತೆರೆಯಿತು. ಊರುಗಳೆಲ್ಲ ಸಾಲಾಗಿ ನಿಂತಿದ್ದವು. ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನನಗೆ ಏನೂ ವಿಚಿತ್ರ ಎನಿಸಲಿಲ್ಲ. ಸದ್ಯ ಸರಿಯಾಯಿತಲ್ಲ ಎಂದಷ್ಟೇ ಅನ್ನಿಸಿತು. ದಿನವೂ ಮಾಡುವ ಕೆಲಸ, ಕೈ ತಾನಾಗಿ ಹೋಯಿತು. ಮೇಗುಂದ ತೆರೆದೆ. ಸಣ್ಣ ಸಣ್ಣ ಮುಖಗಳು ಒಂದೊಂದಾಗಿ ಮೂಡತೊಡಗಿದವು. ನಾನು ಕೆಳಗೆ ಸರಿಸುತ್ತಾ ಹೋದೆ. ನಾಗರತ್ನ ಕುರ್ಚಿಯಿಂದ ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟಳು.

ಅದು ಅಬ್ಬಾರ ಆ ಮೊದಲ ಕ್ಲಿಕ್ಕು. ಸೆರಗು ಭುಜದ ಮೇಲೆ ಸರಿದಿತ್ತು. ಹೆಂಗಸು ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ, ಪಕ್ಕದಲ್ಲಿ ನಿಂತ ಯಾರನ್ನೋ ನೋಡಿ ಬಾಯ್ತುಂಬ ನಗುತ್ತಿದ್ದರು. ಆ ಹಲ್ಲುಗಳು ಎಷ್ಟು ಚೆನ್ನಾಗಿ ಕಾಣುತ್ತಿದ್ದವು ಎಂದರೆ, ಆಡಿಕೊಂಡವರು ಯಾರು ಎಂದು ಹುಡುಕಿ ಹೋಗಿ ಬಯ್ಯಬೇಕು ಎನ್ನಿಸಿತು. ಮುಂದಿನ ಚಿತ್ರದಲ್ಲಿ ಅದೇ ಹೆಂಗಸು ತುಟಿ ಬಿಗಿದು ಕೂತಿದ್ದರು. ನಾಗರತ್ನಳ ಬೆರಳು ಮೊದಲನೆಯದರ ಮೇಲಿತ್ತು. ಅದನ್ನೇ ಎಳೆದು ನನ್ನ ಕಂಪ್ಯೂಟರಿಗೆ ಹಾಕಿಕೊಂಡೆ. ಹಸಿರು ಗೆರೆ ನಿಧಾನವಾಗಿ ತುಂಬಿ ಮುಗಿಯಿತು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕಿಟಕಿ ಬೆಳ್ಳಗಾಯಿತು. ಆ ಹೆಸರಿನ ಕಂಪ್ಯೂಟರು ಸಿಗುತ್ತಿಲ್ಲ ಎಂದು ಬರೆದುಕೊಂಡು ಬಂತು.

ಆಗ ನೆನಪಾಯಿತು. ಹಿಂದಿನ ಕೋಣೆಯ ಕಂಪ್ಯೂಟರಿನ ಕರೆಂಟಿನ ಡಬ್ಬಿ ಬಸ್ಸಿನಲ್ಲಿತ್ತು.

ಎದ್ದು ಹಿಂದಿನ ಕೋಣೆಗೆ ಹೋದೆ, ನಾಗರತ್ನಳೂ ಬಂದಳು. ಲೈಟು ಹಾಕಿದೆ. ನಾನು ಬಿಟ್ಟು ಹೋದ ಹಾಗೆಯೇ ಅದು ಪಕ್ಕಕ್ಕೆ ಒರಗಿ ಮಲಗಿತ್ತು. ಮುಚ್ಚಳ ತೆಗೆದಿತ್ತು, ಡಬ್ಬಿ ಇದ್ದ ಕಡೆ ಚೌಕನೆಯ ತೂತು, ಅದರಾಚೆ ಗೋಡೆ ಕಾಣುತ್ತಿತ್ತು. ಒಂದೂ ದೀಪ ಉರಿಯುತ್ತಿರಲಿಲ್ಲ. ಗೋಡೆಯ ಪ್ಲಗ್ಗಿನಲ್ಲಿ ವೈರು ಕೂಡ ಇರಲಿಲ್ಲ.

"ಇದಾ ಅಕ್ಕ?" ಎಂದು ಕೇಳಿದಳು.

"ಇದೇ" ಎಂದೆ.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅಮ್ಮ ಹಿಂಗೆ ನಗ್ತಿದ್ರು ಅಂತ ನಂಗೆ ಮರ್ತೇ ಹೋಗಿತ್ತು" ಎಂದಳು. ಯಂತ್ರದ ಬಗ್ಗೆ ಮತ್ತೊಂದು ಮಾತು ಕೇಳಲಿಲ್ಲ. ನನ್ನ ಪ್ರಿಂಟರು ಮುಷ್ಕರ ಹೂಡಿತ್ತಲ್ಲ, ಎದುರಿನ ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಮುಖಕ್ಕೆ ಒಂದು ಗೆರೆಯನ್ನೂ ತಿದ್ದಲಿಲ್ಲ. ಫ್ರೇಮು ಕಟ್ಟಿ ಕೊಟ್ಟೆ.

ಮಾರನೆಯ ದಿನ ಅವಳು ಕರೆದಿದ್ದಳೆಂದು ಮೇಗುಂದಕ್ಕೆ ಹೋದೆ. ಜನ ಊಟಕ್ಕೆ ಕೂರುವ ಮೊದಲು ಫೋಟೊದ ಮುಂದೆ ಸಣ್ಣ ಗಲಾಟೆ. ನಾಗರತ್ನಳ ಸೋದರಮಾವ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥ ಮನುಷ್ಯ, ಹಾರ ಹಿಡಿದುಕೊಂಡು ನಿಂತಿದ್ದರು.

"ಹಲ್ಲು ಬಿಟ್ಕಂಡಿರೋ ಫೋಟೊಕ್ಕೆ ಹಾರ ಹಾಕದಾ? ಬೇರೆ ಇಲ್ವೇನೆ?"

"ಇಲ್ಲ ಮಾವ" ಎಂದಳು ನಾಗರತ್ನ. "ಇದ್ದಿದ್ರೂ ಇದೇ ಇಡ್ತಿದ್ದೆ. ಬದ್ಕಿದ್ದಾಗ ಮುಚ್ಕಂಡಿದ್ದು ಸಾಕು."

ಮಾವ ಹಾರ ಹಾಕಿದರು.

ಇನ್ನು ಉಳಿದದ್ದು ಜನರ ವಿವರಣೆಗಳು. ಬಸ್ಸಿನಲ್ಲಿ ಬಂದ ಹೊಸ ಡಬ್ಬಿಯನ್ನು ಜೋಡಿಸಿದರೂ ಹಳೆಯ ಕಂಪ್ಯೂಟರು ಏಳಲಿಲ್ಲ. ಅದರ ಡಿಸ್ಕನ್ನು ಶಿವಮೊಗ್ಗಕ್ಕೆ, ಅಲ್ಲಿಂದ ಬೆಂಗಳೂರಿಗೆ ಕಳಿಸಿದೆ. ಡಬ್ಬಿ ಸುಟ್ಟಾಗಲೇ ಡಿಸ್ಕೂ ಸುಟ್ಟಿದೆ, ಏನೂ ಉಳಿದಿಲ್ಲ ಎಂದರು. ಅಂದರೆ ನಾನು ಮೇಗುಂದ ತೆರೆದಾಗ ಅದು ಸುಟ್ಟು ಅರ್ಧ ದಿನವಾಗಿತ್ತು. ಪ್ರಸನ್ನ ಅಂಗಡಿಗೆ ಬಂದು ಮುಂದಿನ ಕಂಪ್ಯೂಟರನ್ನು ಜಾಲಾಡಿದ. ಅದು ತಾನೇ ಒಂದು ಪ್ರತಿ ಉಳಿಸಿಕೊಂಡಿರುತ್ತದೆ, ಅದನ್ನೇ ನೀವು ನೋಡಿದ್ದು ಎಂದು ಬರುವಾಗ ಹೇಳಿದ್ದ. ಹುಡುಕಿದ ಮೇಲೆ, ಹಾಗೆ ಉಳಿಸಿಕೊಳ್ಳುವ ವ್ಯವಸ್ಥೆ ಆನ್ ಆಗಿಯೇ ಇಲ್ಲ ಎಂದ. ಹಾಗಾದರೆ ನೀವೇ ಮೊದಲು ಎಳೆದಿಟ್ಟು ಮರೆತಿರುತ್ತೀರಿ ಎಂದ. ನಿಮ್ಮ ಕಂಪನಿಯವರು ಗೊತ್ತಿರುವ ಸಮಸ್ಯೆಗಳನ್ನೆಲ್ಲ ಹಾಕುತ್ತಾರಲ್ಲ, ಇದನ್ನೂ ಹಾಕಲು ಹೇಳು, ಆಮೇಲೆ ಮಾತಾಡೋಣ ಎಂದು ಚಹಾ ಕುಡಿಸಿ ಕಳಿಸಿದೆ.

ಪವಾಡ ಎನ್ನುವವರ ಕಾಟವೂ ಕಡಿಮೆಯಿರಲಿಲ್ಲ. ಅಮ್ಮಿಯ ತಂಗಿ, ನಮ್ಮ ಖಾಲಾ, ತಾಯಿತ ಕಟ್ಟಿಸು ಎಂದು ಬೆನ್ನಿಗೆ ಬಿದ್ದರು. ಸುದ್ದಿ ಬಸ್ಸಿಗಿಂತ ಬೇಗ ಹೋಗುತ್ತದೆ, ಬಾಳೆಹೊನ್ನೂರಿನ ಕಡೆಯಿಂದ ಒಬ್ಬರು ತೆಂಗಿನಕಾಯಿ ಹಿಡಿದುಕೊಂಡು ಬಂದು, ನಮ್ಮ ತಂದೆಯದೂ ಒಂದು ತರಿಸಿಕೊಡಿ ಎಂದು ಕೂತರು. ಇದು ಫೋಟೊ ಅಂಗಡಿ, ಬೇರೆ ಏನೂ ಅಲ್ಲ ಎಂದು ಕಾಯಿಯ ಸಮೇತ ವಾಪಸು ಕಳಿಸಿದೆ. ಮರೆತಿದ್ದೇನೆ ಎಂದು ಒಪ್ಪಲಾರೆ, ಪವಾಡ ಎಂದೂ ಒಪ್ಪಲಾರೆ. ಯಾರಿಗೋ ಸಮಾಧಾನವಾಗಲಿ ಎಂದು ನಾನು ಕಂಡದ್ದನ್ನು ಕಂಡಿಲ್ಲ ಎನ್ನಲು ಸಾಧ್ಯವಿಲ್ಲ.

ಒಂದು ಮಾತು ಮಾತ್ರ ನನ್ನನ್ನು ಚುಚ್ಚುತ್ತದೆ. ಅದನ್ನು ಹೇಳಿದವಳು ನನ್ನ ತಂಗಿ. "ಆ ಒಂದ್ನಿಮಿಷದಲ್ಲಿ ನಮ್ಮ ಅಬ್ಬಾದು ತೆಗೀಬಹುದಿತ್ತಲ್ಲ ಆಪಾ" ಎಂದಳು, ಬೈಯಲಿಲ್ಲ, ಮೆಲ್ಲಗೆ ಹೇಳಿದಳು. ತೆಗೆಯಬಹುದಿತ್ತು. ಕೊಪ್ಪ ಎನ್ನುವ ಫೋಲ್ಡರು ಮೇಗುಂದದ ಪಕ್ಕದಲ್ಲೇ ಇತ್ತು. ಕಾರ್ಡುಗಳ ಮೇಲಿನ ಮಸಿ ಬಿಟ್ಟರೆ ಈಗ ನಮ್ಮ ಹತ್ತಿರ ಅಬ್ಬಾರ ಮುಖವಿಲ್ಲ, ಅಮ್ಮಿಯ ಮುಖವಿಲ್ಲ. ಅಬ್ಬಾ ಅಷ್ಟು ವರ್ಷ ತೆಗೆದು ಆ ಯಂತ್ರದಲ್ಲಿಟ್ಟ ಸಾವಿರಾರು ಮುಖಗಳಲ್ಲಿ ಉಳಿದದ್ದು ಒಂದೇ. ಅದು ನಮಗೆ ಏನೂ ಆಗಬೇಕಿಲ್ಲದ ಹೆಂಗಸಿನದು, ಅವರು ಹಣ ಕೊಟ್ಟು ತೆಗೆಸಿದ ಫೋಟೊ ಕೂಡ ಅಲ್ಲ. ಅದೇ ಯಾಕೆ ಉಳಿಯಿತು, ಹೇಗೆ ಬಂತು, ನನಗೆ ಗೊತ್ತಿಲ್ಲ. ಅದನ್ನು ನೆನೆದು ಕೆಲವು ಸಲ ಅಳು ಬಂದಿದೆ.

ಆದರೂ ತಂಗಿಗೆ ಅವತ್ತು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನನ್ನ ಎದುರಿಗೆ ಗಿರಾಕಿ ಕೂತಿದ್ದಳು. ಅಂಗಡಿಯಲ್ಲಿ ಮೊದಲು ಗಿರಾಕಿಯ ಕೆಲಸ, ಆಮೇಲೆ ಮನೆಯದು. ನಾಳೆ ಆ ಕಿಟಕಿ ಇನ್ನೊಮ್ಮೆ ತೆರೆದರೂ ನಾನು ತೆಗೆಯುವುದು ಎದುರಿಗೆ ಕೂತವರ ಫೋಟೊವನ್ನೇ. ಅಬ್ಬಾ ಪಕ್ಕದಲ್ಲಿ ನಿಂತಿದ್ದರೆ ಅವರೂ ಅದನ್ನೇ ತೆಗೆ ಎನ್ನುತ್ತಿದ್ದರು.