ಆಸರೆಯಿಲ್ಲದೆ ಕಂಬ ಮುಟ್ಟಬೇಡಿ

ಕಳೆದ ರವಿವಾರ ನಾನು ನಮ್ಮ ಮನೆಯ ನಡುಗಂಬವನ್ನು ತಬ್ಬಿಕೊಂಡು ನಿಂತಿದ್ದೆ. ಪ್ರೀತಿಯಿಂದಲ್ಲ. ಬಿಟ್ಟರೆ ಮಾಳಿಗೆ ಬೀಳುತ್ತಿತ್ತು.

ಅಸಂಗಿಯ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಪಡಸಾಲೆಗೆ ಒಂದೇ ತೊಲೆ, ಅದರ ನಡುವೆ ಒಂದು ಕಂಬ. ಕಂಬದ ಬುಡಕ್ಕೆ ಗೆದ್ದಲು ಹತ್ತಿತ್ತು. ‘ಅಮಾಸಿ ಆದ ಮ್ಯಾಲೆ ಬರ್ತೀನ್ರಿ ಮಾಸ್ತರ್ರ, ಅಲ್ಲಿತನಾ ಕೈ ಹಚ್ಚಬ್ಯಾಡ್ರಿ’ ಅಂದಿದ್ದ ಬಡಿಗ ಈರಪ್ಪ. ನನಗೆ ತಡೆಯಬೇಕಲ್ಲ! ಕೆಟ್ಟದ್ದನ್ನು ಕೆತ್ತಿ, ಒಂದು ಕಲ್ಲು ತುರುಕಿದರೆ ರಿಪೇರಿ ಮುಗೀತು. ಇದಕ್ಕೂ ಬಡಿಗ ಬೇಕೇ? (ಸಾಲಿ ಮಾಸ್ತರರಿಗೆ ಬರದ ವಿದ್ಯೆ ಯಾವುದಿದೆ ಹೇಳಿ?)

ಉಳಿ ಇಟ್ಟು ನಾಲ್ಕು ಏಟು ಹಾಕಿದೆ. ಫಸ್ಟ್ ಕ್ಲಾಸ್. ಐದನೆಯ ಏಟಿಗೆ ಕಂಬ ಬುಡದ ಕಲ್ಲಿನಿಂದ ಹೆಬ್ಬೆರಳಿನಷ್ಟು ಜಾರಿತು. ಮೇಲೆ ‘ಲಟ್’ ಅಂತ ಸದ್ದು. ತಲೆಯ ಮೇಲೆ ಮಣ್ಣು ಉದುರಿತು. ಸುತ್ತಿಗೆ ಎಸೆದು ಕಂಬ ತಬ್ಬಿಕೊಂಡೆ.

ಆಗ ಕಂಡಿತು ತೊಟ್ಟಿಲು. ಅದೇ ತೊಲೆಗೆ ಕಟ್ಟಿದ್ದು. ಒಳಗೆ ನಾಲ್ಕು ತಿಂಗಳ ಮಗಳು.

‘ಏನ್ರೀ, ಏನದು ಸಪ್ಪಳಾ?’ ಅಡುಗೆಮನೆಯಿಂದ ಹೆಂಡತಿ ಶಾಂತವ್ವ ಕೇಳಿದಳು.

ಏನು ಹೇಳಲಿ? ಕೂಗಿದರೆ ಓಡಿಬಂದು ತೊಟ್ಟಿಲು ಜಗ್ಗುತ್ತಾಳೆ. ‘ಸಾವಕಾಶ ಬಾ’ ಅಂದೆ.

ಹಿಟ್ಟಿನ ಕೈಯಲ್ಲೇ ಬಂದಳು. ನನ್ನನ್ನು ನೋಡಿದಳು, ತೊಲೆ ನೋಡಿದಳು. ಮುಖದ ಕಳೆಯೇ ಹೋಯಿತು.

‘ತೊಟ್ಟಿಲಾ ಮುಟ್ಟಬ್ಯಾಡ. ಕೂಸನ್ನಷ್ಟ ಎತ್ತಕೊ. ಹಿತ್ತಲ ಬಾಗಿಲಿಂದ ಹೋಗು.’

ಅಷ್ಟರಲ್ಲಿ ಕೂಸು ಎದ್ದು ಕಾಲು ಬಡಿಯತೊಡಗಿತು. ತೊಟ್ಟಿಲು ತೂಗಿದಂತೆಲ್ಲ ತೊಲೆ ಕಿರ್ ಕಿರ್. ಶಾಂತವ್ವ ಉಸಿರು ಬಿಗಿಹಿಡಿದು ಎರಡೂ ಕೈ ಒಳಗಿಳಿಸಿದಳು. ಎತ್ತಿದಳು. ಹೋದಳು.

ಅವರು ಹೊರಬಿದ್ದ ಮೇಲೆ ನನ್ನ ಪ್ರಾಣದ ಭಯ ಶುರುವಾಯಿತು. (ಅಲ್ಲಿಯವರೆಗೆ ಅದಕ್ಕೆ ಪುರಸೊತ್ತಿರಲಿಲ್ಲ.) ತೊಡೆ ನಡುಗಿದವು. ನಾನು ನಡುಗಿದರೆ ಕಂಬವೂ ನಡುಗುತ್ತದಲ್ಲ ಅಂತ ಇನ್ನಷ್ಟು ನಡುಕ. ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು.

ಶಾಂತವ್ವ ಕರೆದಳೆಂದು ಪಕ್ಕದ ಮನೆಯ ಕುರಿಗಾರ ಮಾಳಪ್ಪ ಕಾಕಾ, ಅವರ ತಮ್ಮ, ಇಬ್ಬರೂ ದಪ್ಪನೆಯ ಜಾಲಿ ಮರದ ತುಂಡು ಹೊತ್ತು ಓಡಿಬಂದರು. ತೊಲೆಯ ಕೆಳಗೆ ನಿಲ್ಲಿಸಿ, ಬುಡಕ್ಕೆ ಕಲ್ಲು ಬಡಿದು ಬಿಗಿ ಮಾಡಿದರು.

‘ಇನ್ನ ಬಿಡ್ರಿ ಮಾಸ್ತರ್ರ’ ಅಂದರು ಕಾಕಾ. ಬಿಡಲಾಗಲಿಲ್ಲ. ನನ್ನ ಬೆರಳುಗಳನ್ನು ಅವರೇ ಒಂದೊಂದಾಗಿ ಬಿಡಿಸಿದರು.

‘ಹಳೇ ಕಂಬಕ್ಕ ಕೈ ಹಚ್ಚೂ ಮೊದಲ ಆಸರಿ ನಿಂದ್ರಸಬೇಕ್ರಿ. ನಮ್ಮ ಕುರಿಹಟ್ಟಿಗೂ ಹಂಗ ಮಾಡ್ತೀವಿ.’

ಹೊಸದಾಗಿ ಮನೆ ರಿಪೇರಿಗೆ ಇಳಿಯುವವರೇ, ಮೊದಲು ಆಸರೆ, ಆಮೇಲೆ ಸುತ್ತಿಗೆ. ಎರಡಕ್ಕೂ ಮೊದಲು ಮನೆಯವರೆಲ್ಲ ಅಂಗಳಕ್ಕೆ. ನನಗೆ ಗೊತ್ತಿರುವುದು ಇಷ್ಟೇ. ಅದೂ ಪುಸ್ತಕದಿಂದ ಕಲಿತದ್ದಲ್ಲ.

ಈರಪ್ಪ ಅಮಾವಾಸ್ಯೆಗೆ ಕಾಯದೆ ಮರುದಿನವೇ ಬಂದು ಹೊಸ ಕಂಬ ನಿಲ್ಲಿಸಿದ. ನನಗೆ ಒಂದು ಮಾತೂ ಅನ್ನಲಿಲ್ಲ. (ಅಂದಿದ್ದರೆ ಚಲೋ ಇತ್ತು.) ಅಲ್ಲಿಯವರೆಗೆ ಕಾಕಾನ ಮನೆಯಲ್ಲೇ ಇದ್ದ ಶಾಂತವ್ವ, ಮಗಳನ್ನೆತ್ತಿಕೊಂಡು ಹೊಸ್ತಿಲ ತನಕ ಬಂದಳು. ಒಳಗೆ ಕಾಲಿಡಲಿಲ್ಲ.

‘ಇನ್ನೂ ಹೆದರಿಕಿ ಏನ?’ ಕೇಳಿದೆ.

‘ಕಂಬದ ಹೆದರಿಕಿ ಹೋತ್ರಿ. ನಿಮ್ಮ ಹೆದರಿಕಿ ಇನ್ನೂ ಹೋಗಿಲ್ಲ.’