ಗುಡುಗುವ ಮುಂಚಿನ ರಜೆ

ಬಿಳಿ ಉಣ್ಣೆಯ ದಾರ ಸುತ್ತಿ ಹಿಂದೆ ಗಂಟು ಹಾಕಿದ ನರೆಗೂದಲು. ಆ ಗಂಟಿನ ದೆಸೆಯಿಂದ ಅವರ ಹೆಲ್ಮೆಟ್ ಯಾವಾಗಲೂ ಹಣೆಗೆ ಜಾರಿಕೊಂಡೇ ಇರುತ್ತಿತ್ತು. ಕತಾರಿನ ಗ್ಯಾಸ್ ಪ್ಲಾಂಟಿನಲ್ಲಿ ಪೈಪುಗಳ ವೆಲ್ಡಿಂಗ್ ತಪಾಸಣೆ ಮಾಡುತ್ತಿದ್ದ ಅವರು ಅಮೆರಿಕದ ಮೂಲನಿವಾಸಿ, ನವಾಹೋ ಜನಾಂಗದವರು. ನಾನು ಅದೇ ಕಂಪನಿಯಲ್ಲಿ ರಜೆಯ ಕಾಗದಪತ್ರ ನೋಡುತ್ತಿದ್ದ ಉಡುಪಿ ಕಡೆಯ ಗುಮಾಸ್ತ. ಎರಡು ಸಾವಿರದ ಐದರ ಸುಮಾರಿಗೆ ಮದೀನತ್ ಖಲೀಫಾ ಬಡಾವಣೆಯ ಒಂದೇ ವಿಲ್ಲಾದಲ್ಲಿ ನಮ್ಮಿಬ್ಬರದು ಎದುರುಬದುರು ಕೋಣೆ. ಸತ್ತವರ ಹೆಸರೆತ್ತುವುದು ಅವರಲ್ಲಿ ಸಲ್ಲದು. ನಾನೂ ಎತ್ತುವುದಿಲ್ಲ.

ಪ್ರತಿ ಶುಕ್ರವಾರ, ತಮ್ಮ ಊರಿಂದ ತಂದಿಟ್ಟಿದ್ದ ಯುಕ್ಕಾ ಗಿಡದ ಬೇರು ಜಜ್ಜಿ, ನೊರೆ ಬರಿಸಿ ತಲೆ ತೊಳೆಯುತ್ತಿದ್ದರು. ನನಗೆ ಅಮ್ಮ ತಲೆಗೆ ಹಚ್ಚುತ್ತಿದ್ದ ದಾಸವಾಳದೆಲೆಯ ಗೊಂಪು ನೆನಪಾಗುತ್ತಿತ್ತು. ಒಮ್ಮೆ ನನ್ನ ಹೊಟ್ಟೆ ಕೆಟ್ಟಾಗ, ಮಡಚಿ ಅದರದೇ ಕಡ್ಡಿಯಿಂದ ಬಿಗಿದ ಒಣಗಿಡದ ಪುಟ್ಟ ಕಟ್ಟೊಂದನ್ನು ಕುದಿಸಿ ಕೊಟ್ಟರು. ಕೆಂಪಗಿನ ಚಹಾ. "ಮೊದಲು ಕಂಡ ಗಿಡವನ್ನು ಕೀಳಬೇಡ ತಮ್ಮಾ. ಅದಕ್ಕೆ ನಿನ್ನ ಹೆಸರು ಹೇಳು, ಯಾರಿಗೆ ಕಾಯಿಲೆ ಅಂತ ಹೇಳು. ಕೀಳುವುದು ಅದರಾಚೆಯದನ್ನು."

ಮದ್ದನ್ನು ಯಾವಾಗ ಕೇಳಿದರೂ ಹೇಳುತ್ತಿದ್ದರು. ಆದರೆ ಆ ಗಿಡ ಭೂಮಿಗೆ ಬಂದ ಕಥೆ, ಅದರ ಹಾಡು, ಇವನ್ನು ಹಿಮ ಬಿದ್ದು ಹಾವುಗಳು ಮಲಗಿದ ಮೇಲೆಯೇ ಹೇಳಬೇಕು. ಚಳಿಗಾಲ ಕಳೆದು ಮೊದಲ ಗುಡುಗು ಕೇಳಿತೋ, ಬಾಯಿ ಮುಚ್ಚಬೇಕು. ಅವರ ಮನೆತನದಲ್ಲಿ ಅದು ಗೊತ್ತಿದ್ದವರು ಅವರೊಬ್ಬರೇ. ಅದನ್ನು ಕಲಿಯಲು ಕಾಯುತ್ತಿದ್ದವಳು ಊರಲ್ಲಿದ್ದ ಮೊಮ್ಮಗಳು.

"ಇಲ್ಲೇ ಹೇಳಿ ಸರ್, ನಾನು ಬರ್ಕೊಳ್ತೇನೆ" ಎಂದರೆ ನಗುತ್ತಿದ್ದರು. "ಇಲ್ಲಿ ಹಾವು ಮಲಗುವುದೇ ಇಲ್ಲ ತಮ್ಮಾ."

ಗಲ್ಫಿನಲ್ಲಿ ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವುದು ಚಳಿಗಾಲದಲ್ಲೇ. ಹಾಗಾಗಿ ಎರಡು ವರ್ಷ ಅವರಿಗೆ ರಜೆ ಸಿಗಲಿಲ್ಲ. ಮೂರನೇ ವರ್ಷ ಮ್ಯಾನೇಜರ್ ಸಹಿ ಹಾಕಿದ್ದ. ಆದರೆ ಅವರ ಜಾಗಕ್ಕೆ ಬದಲಿಯಾಗಿ ಬರಬೇಕಾದವನು ಬಂದಿರಲಿಲ್ಲ. ಕೆಲಸ ನಿಂತರೆ ಬೈಗುಳ ನನ್ನ ತಲೆಗೇ ಎಂಬ ಹೆದರಿಕೆಗೆ ಸಹಿಯಾದ ಅರ್ಜಿಯನ್ನು ನನ್ನ ಡ್ರಾಯರಿಗೆ ಸೇರಿಸಿದೆ.

"ಶಟ್‌ಡೌನ್ ಖಲಾಸ್ ಆಗ್ಲಿ ಸರ್. ಮಾರ್ಚಲ್ಲಿ ಆರಾಮಲ್ಲಿ ಹೋಗಿ ಬನ್ನಿ."

"ಮಾರ್ಚಿಗೆ ಗುಡುಗಿಬಿಟ್ಟಿರುತ್ತದೆ" ಎಂದರು. ಮತ್ತೆ ಕೇಳಲಿಲ್ಲ. ಮುದುಕರ ಹಟ ಎಂದುಕೊಂಡೆ. ನನ್ನಂಥ ಮೂಢ ಇನ್ನೊಬ್ಬನಿರಲಾರ.

ಫೆಬ್ರವರಿಯಲ್ಲಿ ಎದೆನೋವೆಂದು ಕೋಣೆಯಲ್ಲಿ ಕುಸಿದವರು ಏಳಲಿಲ್ಲ. ಶವ ಕಳಿಸುವ ಕಾಗದಗಳನ್ನೆಲ್ಲ ಒಂದೇ ದಿನದಲ್ಲಿ ಮುಗಿಸಿದೆ. ಅಷ್ಟು ಚುರುಕು ನನಗೆ ಆಗ ಬಂದಿತ್ತು.

ಮೊಮ್ಮಗಳು ಫೋನ್ ಮಾಡಿದಳು. ಅತ್ತು ಅತ್ತು ಸ್ವರ ಬಿದ್ದುಹೋಗಿತ್ತು. "ಅಜ್ಜ ನಿಮಗೇನಾದರೂ ಹೇಳಿದ್ದರಾ? ಒಂದೇ ಒಂದು ಗಿಡದ ಹಾಡಾದರೂ? ನೆನಪಿದ್ದರೆ ಈಗಲೇ ಹೇಳಿ. ಇಲ್ಲಿ ಇನ್ನೂ ಗುಡುಗಿಲ್ಲ."

ಏನೂ ಹೇಳಿರಲಿಲ್ಲ ಎಂದೆ. ಅರ್ಜಿ ನನ್ನ ಡ್ರಾಯರಿನಲ್ಲಿತ್ತು ಎಂದು ಹೇಳಲಿಲ್ಲ.